ಕಪ್ಪು ತಂತಿಯ ಪರವಾಗಿ

ಬೆಳಗ್ಗೆ ಏಳರ ಹೊತ್ತಿಗೆ ನವಿ ಮುಂಬಯಿಯ ಖಾರಘರದ ಹೌಸಿಂಗ್ ಸೊಸೈಟಿಗಳ ಪಾರ್ಕಿಂಗಿನಲ್ಲಿ ಏಳುವ ಸದ್ದುಗಳಲ್ಲಿ ಅತಿ ದೀನವಾದದ್ದೆಂದರೆ, ಕೀಲಿ ತಿರುಗಿಸಿದಾಗ ಗಾಡಿಯ ಒಳಗಿಂದ ಬರುವ 'ಟಕ್' ಎಂಬ ಒಂಟಿ ಸದ್ದು. ಎಂಜಿನ್ ಉಸಿರೆತ್ತುವುದಿಲ್ಲ. ಡ್ಯಾಶ್‌ಬೋರ್ಡಿನ ದೀಪಗಳು ಒಮ್ಮೆ ಮಂಕಾಗಿ ಮತ್ತೆ ಏನೂ ಆಗದವರಂತೆ ಬೆಳಗುತ್ತವೆ. ಎರಡನೆಯ ಸಲವೂ ಟಕ್. ಅಷ್ಟರಲ್ಲಿ ವಾಚ್‌ಮನ್ ಬಂದು ನಿಂತಿರುತ್ತಾನೆ, ಹಾಲಿನವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿರುತ್ತಾನೆ, ಎರಡನೇ ಮಹಡಿಯ ನಿವೃತ್ತರೊಬ್ಬರು ಬಾಲ್ಕನಿಯಿಂದ ಬಗ್ಗಿ ನೋಡುತ್ತಿರುತ್ತಾರೆ. ಮೂವರದೂ ಒಂದೇ ತೀರ್ಪು: ಬ್ಯಾಟರಿ ಹೋಯಿತು. ಗಾಡಿ ಕಂಪನಿಯಿಂದ ಬಂದ ಹಾಗೆಯೇ ಇದ್ದರೆ ಈ ತೀರ್ಪು ಬಹುಮಟ್ಟಿಗೆ ಸರಿಯೇ. ಆದರೆ ಅದು ಯಜಮಾನರು ಆಸೆಪಟ್ಟು, ಮನೆಯಲ್ಲಿ ಅರ್ಧ ಖರ್ಚನ್ನಷ್ಟೇ ಒಪ್ಪಿಕೊಂಡು ಕಟ್ಟಿಸಿದ ಮಾಡಿಫೈ ಗಾಡಿಯಾಗಿದ್ದು, ಬ್ಯಾಟರಿಯು ಬಾನೆಟ್ಟಿನ ಕೆಳಗಿನಿಂದ ಎದ್ದು ಹಿಂದಿನ ಸೀಟಿನಡಿಗೋ ಡಿಕ್ಕಿಗೋ ವಾಸ ಬದಲಿಸಿದ್ದರೆ ಕೇಸನ್ನು ಮತ್ತೊಮ್ಮೆ ತೆರೆಯಬೇಕಾಗುತ್ತದೆ. ಇಂಥ ಗಾಡಿಗಳಲ್ಲಿ ಬ್ಯಾಟರಿಯ ತಲೆಗೆ ಬರುವ ಅಪವಾದದಲ್ಲಿ ಹೆಚ್ಚಿನ ಪಾಲು ಸೇರಬೇಕಾದದ್ದು ಮೈನಸ್ಸಿನಿಂದ ಹೊರಟು, ಒಂದಡಿ ದೂರದಲ್ಲೇ ಯಾವುದೋ ಬೋಲ್ಟಿಗೆ ಸಿಕ್ಕಿಕೊಂಡು ಸುಮ್ಮನಾಗುವ ಕಪ್ಪು ತಂತಿಗೆ. ಅದು ಕೆಟ್ಟದ್ದೆಂದಲ್ಲ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂದು. ನನ್ನ ವಾದ ಇಷ್ಟೇ. ಸ್ಪ್ಯಾನರ್ ಹಿಡಿಯುವುದಕ್ಕಿಂತ ಸ್ಪ್ಯಾನರ್ ಹಿಡಿದವರ ಪಕ್ಕದಲ್ಲಿ ನಿಂತು ಸಲಹೆ ಕೊಡುವುದರಲ್ಲೇ ಪಳಗಿದ ನನ್ನಂಥವರಿಗೆ ವಾದ ಮಾಡುವುದಲ್ಲದೆ ಬೇರೆ ಕಸುಬು ಎಲ್ಲಿದೆ?

ಬ್ಯಾಟರಿಯನ್ನು ಎಬ್ಬಿಸುವುದಾದರೂ ಏಕೆ ಎಂದು ಕೇಳುವವರುಂಟು. ಕಾರಣಗಳಲ್ಲಿ ಕೆಲವು ಗಟ್ಟಿ, ಕೆಲವು ಟೊಳ್ಳು. ದೊಡ್ಡ ಎಂಜಿನ್ನೋ ಟರ್ಬೊ ಪೈಪೋ ಬಂದು ಬಾನೆಟ್ಟಿನಲ್ಲಿ ಜಾಗವೇ ಉಳಿಯದಿದ್ದರೆ ಅದು ಗಟ್ಟಿ ಕಾರಣ. ಎಂಜಿನ್ನಿನ ಬಿಸಿಯೂ ಗಟ್ಟಿ ಕಾರಣವೇ. ಸೀಸದ ಬ್ಯಾಟರಿಯ ಆಯುಷ್ಯ 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆಂಬುದು ಆ ಕ್ಷೇತ್ರದ ಹಳೆಯ ಲೆಕ್ಕ, ಮೇ ತಿಂಗಳಲ್ಲಿ ಸಯನ್-ಪನ್ವೇಲ್ ಹೆದ್ದಾರಿಯ ಸಿಗ್ನಲಿನಲ್ಲಿ ನಿಂತ ಬಾನೆಟ್ಟಿನೊಳಗೆ ಎಷ್ಟಿರುತ್ತದೆಂದು ಹೇಳಬೇಕಾಗಿಲ್ಲ. ತೂಕದ ಸಮತೋಲ ಎಂಬ ಮೂರನೆಯ ಕಾರಣವನ್ನು ಮಾತ್ರ ಅನುಮಾನದಿಂದ ನೋಡಬೇಕು. ಹದಿನೈದು ಕಿಲೋದ ಬ್ಯಾಟರಿ ಮುಂದಿನಿಂದ ಹಿಂದಕ್ಕೆ ಹೋದರೆ ಸಾವಿರ ಕಿಲೋದ ಗಾಡಿಯಲ್ಲಿ ಬದಲಾಗುವುದು ನೂರಕ್ಕೆ ಒಂದೂವರೆ ಪಾಲು. ರೇಸಿನವರಿಗೆ ಅದು ದೊಡ್ಡದು. ಖಾರಘರದ ಉತ್ಸವ ಚೌಕದ ಸುತ್ತ ಎರಡನೇ ಗೇರಿನಲ್ಲಿ ತಿರುಗುವವರಿಗೆ ಪಕ್ಕದಲ್ಲಿ ಕೂತವರ ಬೆಳಗಿನ ಉಪಾಹಾರವೂ ಅಷ್ಟೇ ವ್ಯತ್ಯಾಸ ಮಾಡುತ್ತದೆ. ಹಾಗೆಂದು ಬ್ಯಾಟರಿ ಹಿಂದಿರುವುದೇ ಅಪಚಾರವೇನಲ್ಲ. 1959ರ ಮಿನಿ ಕಾರಿನಲ್ಲಿ ಅದು ಡಿಕ್ಕಿಯಲ್ಲೇ ಇತ್ತು, ಮಾಜ್ದಾದ ಮೊದಲ ಎಂಎಕ್ಸ್-5ರಲ್ಲೂ ಅನೇಕ ಬಿಎಂಡಬ್ಲ್ಯು ಕಾರುಗಳಲ್ಲೂ ಹಾಗೆಯೇ. ಫೋಕ್ಸ್‌ವ್ಯಾಗನ್ ಬೀಟಲ್ ಅದನ್ನು ಹಿಂದಿನ ಸೀಟಿನಡಿಯಲ್ಲಿ ಕೂರಿಸಿತ್ತು. ದಪ್ಪಗಿನವರು ಕೂತಾಗ ಸೀಟಿನ ಸ್ಪ್ರಿಂಗು ಟರ್ಮಿನಲ್ಲಿಗೆ ತಾಗಿ ಹೊಗೆಯಾಡುತ್ತಿದ್ದ ಕಥೆಗಳು ಆ ಕಾರಿನ ಜೊತೆಗೇ ಲೋಕ ಸುತ್ತಿದವು. ನಮ್ಮ ಬೆಂಗಳೂರಿನ ರೇವಾ 2001ರಲ್ಲಿ ರಸ್ತೆಗಿಳಿದಾಗ 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳನ್ನು ಮುಂದಿನ ಸೀಟುಗಳ ಅಡಿಯಲ್ಲೇ ಇಟ್ಟುಕೊಂಡಿತ್ತು. ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲಿ ಓಡಾಡಿದಾಗಲೂ ಹಾಗೆಯೇ ಕೂತಿದ್ದವು. ಆದರೆ ಇವೆಲ್ಲ ಮೊದಲ ದಿನದಿಂದಲೇ ಆ ಜಾಗಕ್ಕೆಂದು ಯೋಚಿಸಿ ತಂತಿ ಎಳೆದ ಗಾಡಿಗಳು. ಮಾಡಿಫೈ ಗಾಡಿಯಲ್ಲಿ ಬ್ಯಾಟರಿ ಮಾತ್ರ ಹಿಂದೆ ಹೋಗುತ್ತದೆ, ಯೋಚನೆ ಮುಂದೆಯೇ ಉಳಿದುಬಿಡುತ್ತದೆ.

ಕೆಂಪು ತಂತಿಯ ವಿಷಯದಲ್ಲಿ ಯಾರೂ ಜಿಪುಣತನ ಮಾಡುವುದಿಲ್ಲ, ಇದನ್ನು ಮೊದಲೇ ಒಪ್ಪಿಬಿಡುತ್ತೇನೆ. ಕಳಂಬೋಲಿಯ ಟ್ರಕ್ ಟರ್ಮಿನಲ್ ಸುತ್ತಲಿನ ವೈರಿಂಗ್ ಅಂಗಡಿಗಳಲ್ಲಿ ನಿಂತರೆ ಗಿರಾಕಿ ಕೇಳುವ ಮೊದಲ ಪ್ರಶ್ನೆಯೇ ಕೆಂಪು ಕೇಬಲ್ ಎಷ್ಟು ದಪ್ಪ ಎಂಬುದು. ಕೇಳಬೇಕಾದದ್ದೇ. ಎಂಜಿನ್ನನ್ನು ಎಬ್ಬಿಸುವ ಸ್ಟಾರ್ಟರ್ ಮೋಟಾರು, ಅಂದರೆ ಗ್ಯಾರೇಜಿನ 'ಸೆಲ್ಫ್', ಡೀಸೆಲ್ ಜೀಪಿನಲ್ಲಿ 200 ಆಂಪಿಯರ್ ಎಳೆಯುವುದು ಮಾಮೂಲು. ಐದು ಮೀಟರ್ ಉದ್ದದ 16 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಅಷ್ಟು ಕರೆಂಟು ಹರಿದರೆ ದಾರಿಯಲ್ಲೇ ಒಂದು ವೋಲ್ಟಿಗೂ ಸ್ವಲ್ಪ ಹೆಚ್ಚು ಸೋರಿಹೋಗುತ್ತದೆ. 25ರದಾದರೆ ಸುಮಾರು 0.7, 35ರದಾದರೆ ಅರ್ಧ ವೋಲ್ಟು, 50ರದಾದರೆ ಮೂರನೇ ಒಂದು ಭಾಗ. ಪೂರ್ತಿ ಚಾರ್ಜಾದ ಬ್ಯಾಟರಿಯಲ್ಲಿರುವುದೇ 12.6. ಎಂಜಿನ್ ತಿರುಗಿಸುವ ಹೊತ್ತಿಗೆ ಅದು ತಾನಾಗಿಯೇ ಹತ್ತರ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿಂದ ಒಂದು ವೋಲ್ಟು ಕಳೆದುಕೊಳ್ಳುವುದು ಬಡವನ ಜೇಬು ಕತ್ತರಿಸಿದ ಹಾಗೆ. ಆದ್ದರಿಂದ 35ರ ಅಥವಾ 50ರ ವೆಲ್ಡಿಂಗ್ ಕೇಬಲ್ ಕೊಳ್ಳುವುದರಲ್ಲಿ ವಿವೇಕವಿದೆ. ಕಾರ್ ಸ್ಟೀರಿಯೋ ಅಂಗಡಿಯ ಹೊಳೆಯುವ ಕೇಬಲನ್ನು ಕೊಳ್ಳುವ ಮುನ್ನ ಮಾತ್ರ ತುದಿಯನ್ನು ಕೆರೆದು ನೋಡಬೇಕು, ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ ಇದ್ದರೆ ತಾಮ್ರದ ಮೂರನೇ ಎರಡರಷ್ಟೂ ಅದು ಹೊರಲಾರದು. ಇಷ್ಟೆಲ್ಲ ಮುತುವರ್ಜಿ ಕೆಂಪಿಗೆ ಸಲ್ಲುತ್ತದೆ. ಬಳಿಕ ಗಿರಾಕಿಯೂ ಮಿಸ್ತ್ರಿಯೂ ಚಹಾ ಕುಡಿಯುತ್ತಾರೆ. ಚಹಾದ ನಂತರ ಮೈನಸ್ಸಿಗೆ ಒಂದಡಿ ತುಂಡು ಕತ್ತರಿಸಿ, ಥಿಂಬಲ್ ಹಾಕಿ, ಡಿಕ್ಕಿಯ ನೆಲದಲ್ಲಿ ಯಾವ ಬೋಲ್ಟು ಹತ್ತಿರವೋ ಅದಕ್ಕೆ ಬಿಗಿದರೆ ಕೆಲಸ ಮುಗಿಯಿತು. ಬಾಡಿ ಅರ್ಥ್ ಇದೆಯಲ್ಲ, ಕರೆಂಟು ಗಾಡಿಯ ಮೈಯಿಂದಲೇ ಮರಳುತ್ತದಲ್ಲ!

ಇದೆ, ನಿಜ. ಆದರೆ ಆ ಬಾಡಿಯನ್ನು ಒಮ್ಮೆ ಕರೆಂಟಿನ ಕಣ್ಣಿನಿಂದ ನೋಡಬೇಕು. ಉಕ್ಕು ತಾಮ್ರಕ್ಕಿಂತ ಎಂಟೊಂಬತ್ತು ಪಟ್ಟು ಹೆಚ್ಚು ತಡೆಯೊಡ್ಡುವ ಲೋಹ. ಗಾಡಿಯ ಮೈ ವಿಶಾಲವಾಗಿರುವುದರಿಂದ ಆ ದೋಷ ಮುಚ್ಚಿಹೋಗುತ್ತದೆ, ತಗಡಿನಲ್ಲಿ ತೊಂದರೆಯಿಲ್ಲ. ತೊಂದರೆಯಿರುವುದು ಸಂದಿಗಳಲ್ಲಿ. ಬೋಲ್ಟಿನ ಕೆಳಗೆ ಬಣ್ಣ, ಬಣ್ಣದ ಕೆಳಗೆ ಪ್ರೈಮರ್, ನೆಲದಡಿಗೆ ಬಳಿದ ಡಾಂಬರಿನಂಥ ಲೇಪ, ಅದರ ಬಿರುಕಿನಲ್ಲಿ ತುಕ್ಕು. ಜೀಪಿನ ಜಾತಿಯ ಗಾಡಿಗಳಲ್ಲಿ ಇನ್ನೊಂದು ಮಜಲೂ ಇದೆ: ಬಾಡಿ ಕೂತಿರುವುದು ಚಾಸಿಯ ಮೇಲೆ, ನಡುವೆ ರಬ್ಬರ್ ಬುಶ್ಶು. ಎಂಜಿನ್ ಕೂತಿರುವುದೂ ಚಾಸಿಯ ಮೇಲೆ, ಅಲ್ಲೂ ರಬ್ಬರ್. ಸೆಲ್ಫ್ ಮೋಟಾರು ಎಂಜಿನ್ನಿಗೆ ಅಂಟಿಕೊಂಡಿದೆ. ಅಂದರೆ ಬ್ಯಾಟರಿಗೂ ಸೆಲ್ಫಿಗೂ ನಡುವೆ ಕರೆಂಟು ಒಂದು ಅಡ್ಡ ತಗಡು, ಎರಡು ಕಡೆ ರಬ್ಬರು, ನಾಲ್ಕಾರು ಬಣ್ಣ ಬಳಿದ ಬೋಲ್ಟು ದಾಟಬೇಕು. ಬ್ಯಾಟರಿ ಮುಂದಿದ್ದಾಗ ಕಂಪನಿಯವರು ಮೈನಸ್ಸನ್ನು ನೇರ ಎಂಜಿನ್ ಬ್ಲಾಕಿಗೋ ಅದರ ಪಕ್ಕಕ್ಕೋ ಕಟ್ಟಿರುತ್ತಿದ್ದರು. ಹೆಣೆದ ತಾಮ್ರದ ಪಟ್ಟಿ ಎಂಜಿನ್ನಿನಿಂದ ಬಾಡಿಗಿದ್ದರೂ ಅದು ದೀಪ, ಹಾರ್ನುಗಳ ಸಣ್ಣ ಕರೆಂಟಿಗಾಗಿ ಇಟ್ಟದ್ದು. ಬ್ಯಾಟರಿ ಹಿಂದೆ ಹೋದ ಕೂಡಲೇ ಆ ಬಡಪಟ್ಟಿಯ ಮೇಲೆ 200 ಆಂಪಿಯರ್ ಬಂದು ಬೀಳುತ್ತದೆ. ಅದೂ ಸೋತರೆ ಕರೆಂಟು ಸುಮ್ಮನೆ ಮನೆಗೆ ಹೋಗುವುದಿಲ್ಲ, ಬೇರೆ ದಾರಿ ಹುಡುಕುತ್ತದೆ. ಆಕ್ಸಿಲರೇಟರ್ ಕೇಬಲ್ಲಿನ ಉಕ್ಕಿನ ಹೊದಿಕೆ, ಕ್ಲಚ್ ಕೇಬಲ್ಲು, ಗೇರ್ ಲಿಂಕೇಜು, ಸಿಕ್ಕಿದ್ದೆಲ್ಲ ಅದಕ್ಕೆ ದಾರಿಯೇ. ಸೆಲ್ಫ್ ಹೊಡೆದಾಗಲೆಲ್ಲ ಆಕ್ಸಿಲರೇಟರ್ ಕೇಬಲ್ ಬಿಸಿಯಾಗಿ ಕ್ರಮೇಣ ಅದರ ಹೊದಿಕೆ ಕರಗಿ ಅಂಟಿಕೊಂಡಿರುವುದನ್ನು ಹಳೆಯ ಮೆಕ್ಯಾನಿಕ್ಕುಗಳು ಬಲ್ಲರು. ಗಿರಾಕಿ ದೂರು ಕೊಡುವುದು ಪೆಡಲ್ ಬಿಗಿಯೆಂದು, ರೋಗವಿರುವುದು ಅರ್ಥಿಂಗಿನಲ್ಲಿ.

ಕೆಂಪಿಗೆ ಈ ಪರಿ ಪ್ರತಿಷ್ಠೆ ಬಂದದ್ದು ಕರೆಂಟು ಪ್ಲಸ್ಸಿನಿಂದ 'ಹೊರಟು' ಮೈನಸ್ಸಿಗೆ 'ಮರಳುತ್ತದೆ' ಎಂಬ ಕಲ್ಪನೆಯಿಂದ. ಹೊರಡುವುದಕ್ಕೆ ಆರತಿ ಎತ್ತುವ ಲೋಕ ಮರಳುವುದಕ್ಕೆ ಬಾಗಿಲನ್ನೂ ತೆರೆಯುವುದಿಲ್ಲ. ಪ್ಲಸ್ಸು ಮೈನಸ್ಸೆಂದು ಬೆಂಜಮಿನ್ ಫ್ರಾಂಕ್ಲಿನ್ ಹೆಸರಿಟ್ಟದ್ದು ಹದಿನೆಂಟನೆಯ ಶತಮಾನದಲ್ಲಿ. ಆಗ ಎಲೆಕ್ಟ್ರಾನ್ ಎಂಬುದೊಂದಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. 1897ರಲ್ಲಿ ಜೆ.ಜೆ. ಥಾಮ್ಸನ್ ಅದನ್ನು ಕಂಡುಹಿಡಿದ ಮೇಲೆ ತಿಳಿದದ್ದು, ತಂತಿಯಲ್ಲಿ ನಿಜವಾಗಿ ಚಲಿಸುವ ಕಣಗಳು ಹೊರಡುವುದು ಮೈನಸ್ಸಿನಿಂದ. ಅಂದರೆ ಆ ಒಂದಡಿಯ ಕಪ್ಪು ತುಂಡು ಹಿತ್ತಿಲ ಬಾಗಿಲಲ್ಲ, ಹೆಬ್ಬಾಗಿಲೇ. ಬ್ರಿಟಿಷ್ ಕಾರುಗಳ ಕಥೆ ಇನ್ನೂ ಸೊಗಸು. ಅವರಲ್ಲಿ ಎಷ್ಟೋ ಗಾಡಿಗಳು 1960ರ ದಶಕದವರೆಗೆ ಪ್ಲಸ್ಸನ್ನೇ ಬಾಡಿಗೆ ಕಟ್ಟುತ್ತಿದ್ದವು, ಡಿಕ್ಕಿಯಲ್ಲಿ ಬ್ಯಾಟರಿಯಿಟ್ಟ ಆ ಮಿನಿ ಕೂಡ. ಅಲ್ಲಿ ಉದ್ದದ ಪಯಣ ಮೈನಸ್ಸಿನದು, ಮೂಲೆಯ ಬೋಲ್ಟಿನ ಅವಮಾನ ಪ್ಲಸ್ಸಿನದು. ಓಮನ ನಿಯಮಕ್ಕೆ ಇದರಿಂದ ಒಂದಿಷ್ಟೂ ಬೇಸರವಾಗಲಿಲ್ಲ.

ಹೊರಡುವ ದಾರಿಯಷ್ಟೇ ಮರಳುವ ದಾರಿಯನ್ನೂ ಲೆಕ್ಕ ಹಾಕಬೇಕೆಂಬ ಮಾತು ಖಾರಘರದಲ್ಲಿ ಕೂತು ಹೇಳಬೇಕಾಗಿ ಬಂದದ್ದೇ ವಿಚಿತ್ರ. ಈ ಊರೇ ಎತ್ತಿ ಹಿಂದಕ್ಕಿಟ್ಟ ಊರು. 1965ರಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಮೂವರೂ 'ಮಾರ್ಗ್' ಪತ್ರಿಕೆಯಲ್ಲಿ ಮುಂಬಯಿಯ ಭಾರವನ್ನು ಖಾಡಿಯಾಚೆಗೆ ಸರಿಸುವ ನಕ್ಷೆ ಮುಂದಿಟ್ಟರು. ಆ ಹೊಸ ನಗರವನ್ನು ಕಟ್ಟಲು 1970ರಲ್ಲಿ ಸಿಡ್ಕೊ ಸಂಸ್ಥೆ ಹುಟ್ಟಿತು. ಜನ ಸರಿದರು, ಮಾರುಕಟ್ಟೆಗಳು ಸರಿದವು. ಸರಕಾರದ ಕಚೇರಿಗಳೂ ಬರಬೇಕೆಂದು ನಕ್ಷೆಯಲ್ಲಿತ್ತು, ರಾಜ್ಯದ ಸಚಿವಾಲಯವಾದ ಮಂತ್ರಾಲಯ ಮಾತ್ರ ನರೀಮನ್ ಪಾಯಿಂಟಿನ ಬಳಿಯೇ ಕೂತಿತು, ಅದರ ಸುತ್ತ ಆಫೀಸುಗಳೂ. ಶಕ್ತಿಯೆಲ್ಲ ಇಲ್ಲಿ, ಯಂತ್ರ ಅಲ್ಲಿ. ನಡುವೆ ಎಳೆಯಬೇಕಾದ ತಂತಿ ಎಂದರೆ ಹಾರ್ಬರ್ ಲೈನ್, ಅದು ವಾಶಿ ಮುಟ್ಟಿದ್ದು 1992ರಲ್ಲಿ, ಖಾರಘರ ದಾಟಿ ಪನ್ವೇಲ್ ಮುಟ್ಟಿದ್ದು 1998ರಲ್ಲಿ. ಅಷ್ಟು ವರ್ಷ ಬಸ್ಸಿನ ಫುಟ್‌ಬೋರ್ಡೇ ಸಪೂರ ತಂತಿ. ಬೆಳಗಿನ ಲೋಕಲ್ ತಪ್ಪಿದರೆ ಬಾಸು ಬೈಯುತ್ತಾನೆ ಅಷ್ಟೇ, ಸಂಜೆಯ ಲೋಕಲ್ ನಿಂತರೆ ಊರಿಗೆ ಊರೇ ಪ್ಲಾಟ್‌ಫಾರಮ್ಮಿನಲ್ಲಿ ಬಿಸಿಯಾಗುತ್ತದೆ. ಇಷ್ಟನ್ನು ದಿನಾ ಅನುಭವಿಸುವ ಜನರೇ ಭಾನುವಾರ ಗ್ಯಾರೇಜಿಗೆ ಹೋಗಿ ಮೈನಸ್ಸಿಗೆ ಒಂದಡಿ ತುಂಡು ಸಾಕೆನ್ನುತ್ತಾರೆ.

ಈಗ ಆಕ್ಷೇಪಣೆಗಳು. ಮೊದಲನೆಯದು ಮೀಟರ್ ಹಿಡಿದವರದು. ಮೈನಸ್ಸಿನಿಂದ ಎಂಜಿನ್ನಿಗೆ ಮೀಟರ್ ಇಟ್ಟು ನೋಡಿದೆವು, ಬೀಪ್ ಎಂದಿತು, ಓಮು ಸೊನ್ನೆಯ ಹತ್ತಿರ ತೋರಿಸಿತು, ಇನ್ನೇನು ಬೇಕು ಎನ್ನುತ್ತಾರೆ. ಮೀಟರ್ ಸುಳ್ಳು ಹೇಳುವುದಿಲ್ಲ, ಆದರೆ ಅದನ್ನು ಕೇಳಿದ ಪ್ರಶ್ನೆ ತಪ್ಪು. ಸಾಮಾನ್ಯ ಮೀಟರಿನ ಎರಡು ವೈರುಗಳ ಸ್ವಂತ ತಡೆಯೇ 0.2, 0.3 ಓಮಿನಷ್ಟಿರುತ್ತದೆ. ಇಲ್ಲಿ ಹುಡುಕಬೇಕಾದ್ದು 0.005 ಓಮು. ಅಷ್ಟು ಸಣ್ಣ ತಡೆಯ ಒಂದು ಬೋಲ್ಟಿನಲ್ಲಿ 200 ಆಂಪಿಯರ್ ಹರಿದರೆ ಒಂದು ಪೂರ್ತಿ ವೋಲ್ಟು ಹೋಗುತ್ತದೆ, 200 ವ್ಯಾಟಿನ ಶಾಖ ಆ ಒಂದೇ ಬೋಲ್ಟಿನಲ್ಲಿ ಹುಟ್ಟುತ್ತದೆ. ಕೆಂಪಿಗೆ 35ರ ಬದಲು 50ರ ಕೇಬಲ್ ಹಾಕಿ ಉಳಿಸಿದ್ದು ಆರನೇ ಒಂದು ವೋಲ್ಟಾದರೆ, ಚಹಾದ ನಂತರ ಕಳೆದದ್ದು ಅದರ ಆರು ಪಟ್ಟು. ಸರಿಯಾದ ಪರೀಕ್ಷೆ ಸುಲಭ: ಮೀಟರನ್ನು ವೋಲ್ಟಿಗೆ ಇಟ್ಟು, ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರಿಯ ಲೋಹಕ್ಕೂ ಒತ್ತಿ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸುವುದು. 0.2, 0.3ರೊಳಗಿದ್ದರೆ ನೆಮ್ಮದಿ. ಅರ್ಧ ದಾಟಿದರೆ ಬ್ಯಾಟರಿಯ ಮೇಲಿನ ದೂರನ್ನು ಹಿಂದಕ್ಕೆ ಪಡೆಯಬೇಕು.

ಎರಡನೆಯ ಆಕ್ಷೇಪಣೆ ಹೆಚ್ಚು ಬಲವಾದದ್ದು, ಏಕೆಂದರೆ ಅದು ಅನುಭವದಿಂದ ಬಂದದ್ದು: ಹೊಸ ಬ್ಯಾಟರಿ ಹಾಕಿದ ಕೂಡಲೇ ಗಾಡಿ ಸರಿಹೋಯಿತಲ್ಲ! ಹೋಗುತ್ತದೆ. ಹೊಸ ಬ್ಯಾಟರಿಯ ಒಳತಡೆ ಕಡಿಮೆ, ಹೊರಗಿನ ಬೋಲ್ಟು ಕದ್ದ ವೋಲ್ಟನ್ನು ಅದು ತನ್ನ ಯೌವನದಿಂದ ತುಂಬಿಕೊಡುತ್ತದೆ. ಆದರೆ ಅದೇ ಬೋಲ್ಟು ಚಾರ್ಜಿಂಗಿನ ದಾರಿಯೂ ಹೌದು. ಆಲ್ಟರ್ನೇಟರ್, ಹಳಬರ ಬಾಯಲ್ಲಿ ಇನ್ನೂ ಡೈನಮೋ, ಮುಂದೆ 14.2 ವೋಲ್ಟು ಕೊಟ್ಟರೆ ಹಿಂದೆ ಬ್ಯಾಟರಿಗೆ ತಲುಪುವುದು ಕೇಬಲ್ಲಿನ, ಬೋಲ್ಟಿನ ಕಮಿಷನ್ ಕಳೆದು. 40 ಆಂಪಿಯರ್ ಹರಿಯುವಾಗ ಆ ಐದು ಮಿಲಿಓಮಿನ ಬೋಲ್ಟೊಂದೇ 0.2 ವೋಲ್ಟನ್ನು ಇಟ್ಟುಕೊಳ್ಳುತ್ತದೆ. ಎಸಿ, ಹೆಡ್‌ಲೈಟು, ವೈಪರು ಎಲ್ಲ ಓಡುವ ಮಳೆಗಾಲದ ರಾತ್ರಿಗಳಲ್ಲಿ, ಖಾರಘರದಿಂದ ಬೇಲಾಪುರಕ್ಕೆ ಹೋಗಿಬರುವ ಚಿಕ್ಕ ಸವಾರಿಗಳಲ್ಲಿ ಬ್ಯಾಟರಿ ಯಾವತ್ತೂ ಹೊಟ್ಟೆತುಂಬ ಉಣ್ಣುವುದಿಲ್ಲ. ಅರೆಹೊಟ್ಟೆಯ ಸೀಸದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ, ಆಯುಷ್ಯ ಮುಗಿಯುತ್ತದೆ. ಹಾಗಾಗಿ ವಾಚ್‌ಮನ್ನನ ತೀರ್ಪು ಒಂದರ್ಥದಲ್ಲಿ ನಿಜವೇ, ಬ್ಯಾಟರಿ ಸತ್ತಿದೆ. ಪಂಚನಾಮೆಯಲ್ಲಿ ಕೊಂದವರ ಹೆಸರು ಬರೆಯುವುದು ಮಾತ್ರ ಬಿಟ್ಟುಹೋಗಿದೆ. ಮಾರುವವನಿಗೆ ಅದನ್ನು ಬರೆಸುವ ಆತುರವಿಲ್ಲ.

ಮೂರನೆಯವರು ಕೆಂಪಿನ ನಿಜವಾದ ವಕೀಲರು. ಗಾಡಿ ಸ್ಟಾರ್ಟ್ ಆಗದಿದ್ದರೆ ತಳ್ಳಬಹುದು, ಬೆಂಕಿ ಹೊತ್ತಿದರೆ ಏನು ಮಾಡುವುದು? ಬೆಂಕಿ ಹೊತ್ತಿಸುವುದು ಕೆಂಪು, ಅಲ್ಲಿಯೇ ಫ್ಯೂಸು ಬೇಕು, ಅದಕ್ಕೇ ಗಮನ ಕೊಡಬೇಕು ಎನ್ನುತ್ತಾರೆ. ಈ ಮಾತಿಗೆ ತಲೆಬಾಗುತ್ತೇನೆ. ಕಂಪನಿ ಗಾಡಿಗಳಲ್ಲಿ ಸೆಲ್ಫಿನ ಕೇಬಲ್ಲಿಗೆ ಸಾಮಾನ್ಯವಾಗಿ ಫ್ಯೂಸಿರುವುದಿಲ್ಲ ನಿಜ, ಆದರೆ ಅಲ್ಲಿ ಅದು ಬಾನೆಟ್ಟಿನೊಳಗೆ ಒಂದೆರಡಡಿಯ ತುಂಡು. ಐದು ಮೀಟರ್ ಕೇಬಲ್ ಸೀಟಿನ ಹಳಿ, ತಗಡಿನ ಅಂಚು, ಸೈಲೆನ್ಸರ್ ಪೈಪು ಎಲ್ಲವನ್ನೂ ಸವರಿಕೊಂಡು ಹೋಗುವಾಗ ಕಂಪನಿಯ ಉದಾಹರಣೆ ಅನ್ವಯಿಸದು. ಡಿಕ್ಕಿಯಲ್ಲಿ ಬ್ಯಾಟರಿಯಿಟ್ಟ ಬಿಎಂಡಬ್ಲ್ಯುವಿನವರೇ ಅಪಘಾತವಾದ ಕ್ಷಣ ಸಣ್ಣ ಸಿಡಿಮದ್ದಿನಿಂದ ಪ್ಲಸ್ ಕೇಬಲನ್ನು ಕಳಚಿಹಾಕುವ ಟರ್ಮಿನಲ್ ಇಟ್ಟರು. ಆದ್ದರಿಂದ ಫ್ಯೂಸು ಬೇಕು, ಬ್ಯಾಟರಿಯ ಪ್ಲಸ್ಸಿಗೆ ಒಂದು ಗೇಣಿನೊಳಗೇ ಬೇಕು, ಎಂಜಿನ್ನಿನ ಬಳಿ ಹಾಕಿದರೆ ಕಾಯಬೇಕಾದ ಐದು ಮೀಟರೂ ಅದರ ಬೆನ್ನ ಹಿಂದೆ ಉಳಿಯುತ್ತದೆ. ತಗಡು ದಾಟುವಲ್ಲೆಲ್ಲ ರಬ್ಬರ್ ಗ್ರೊಮೆಟ್ ಬೇಕು. ಪ್ಲಸ್ ಟರ್ಮಿನಲ್ಲಿಗೆ ಮುಚ್ಚಳವಂತೂ ಬೇಕೇ ಬೇಕು, ನಮ್ಮವರ ಡಿಕ್ಕಿಯಲ್ಲಿ ಏನೇನಿರುತ್ತದೆಂದು ನೆನೆಸಿಕೊಂಡರೆ ಸಾಕು. ಖಾರಘರದ ಪಕ್ಕದ ಪನ್ವೇಲಿನಿಂದಲೇ ಹೊರಡುವ ಹೆದ್ದಾರಿ 66 ಚಿಪ್ಳೂಣ, ಕಾರವಾರ, ಉಡುಪಿ, ಮಂಗಳೂರು ಹಾದು ಕನ್ಯಾಕುಮಾರಿಗೆ ಹೋಗುತ್ತದೆ. ಮೇ ರಜೆ ಮುಗಿಸಿ ಆ ದಾರಿಯಲ್ಲಿ ಮರಳುವ ಪ್ರತಿ ಗಾಡಿಯ ಡಿಕ್ಕಿಯಲ್ಲಿ ಸ್ಟೀಲಿನ ಹಪ್ಪಳದ ಡಬ್ಬಿ, ಅಜ್ಜಿಮನೆಯ ಹಿತ್ತಾಳೆ ಚೆಂಬು, ತೆಂಗಿನಕಾಯಿ ಸುಲಿಯುವ ಕತ್ತಿ, ಮೇಲೊಂದು ಹಲಸಿನಹಣ್ಣು. ಕಶೇಡಿ ಘಾಟಿನ ಒಂದು ತಿರುವಿನಲ್ಲಿ ಆ ಚೆಂಬು ಉರುಳಿ ಎರಡು ಟರ್ಮಿನಲ್ಲುಗಳ ನಡುವೆ ಕೂತರೆ ಯಾವ ಫ್ಯೂಸೂ ಅದನ್ನು ಕಾಣುವುದಿಲ್ಲ.

ಇಷ್ಟು ಒಪ್ಪಿದ ಮೇಲೂ ಕೆಂಪಿನ ವಕೀಲರು ಒಂದನ್ನು ಮರೆಯುತ್ತಾರೆ: ಆ ಫ್ಯೂಸು ಹಾರುವುದೂ ಕಪ್ಪು ತಂತಿಯ ಕೃಪೆಯಿಂದಲೇ. ಕೆಂಪು ಸವೆದು ಬಾಡಿಗೆ ತಾಗಿತೆನ್ನಿ. ಬ್ಯಾಟರಿಯ ಒಳತಡೆ, ಕೇಬಲ್ಲಿನದು ಎಲ್ಲ ಸೇರಿ ಹತ್ತು ಮಿಲಿಓಮಿದ್ದರೆ ಸಾವಿರದ ಇನ್ನೂರು ಆಂಪಿಯರ್ ಹರಿದು 250ರ ಫ್ಯೂಸು ಕಣ್ಣುಮಿಟುಕಿಸುವುದರೊಳಗೆ ಹಾರುತ್ತದೆ. ಆದರೆ ಮೈನಸ್ಸಿನ ಬೋಲ್ಟು ತುಕ್ಕು ಹಿಡಿದು ತಾನೇ ಐವತ್ತು ಮಿಲಿಓಮ್ ತಡೆಯೊಡ್ಡಿದರೆ ಒಟ್ಟು ಅರವತ್ತು, ಹರಿಯುವುದು 210 ಆಂಪಿಯರ್. 250ರ ಫ್ಯೂಸಿಗೆ ಅದು ದಿನದ ದುಡಿಮೆ, ಅದು ಅಲ್ಲಾಡುವುದಿಲ್ಲ. ಆ ಹೊತ್ತಿಗೆ ಡಿಕ್ಕಿಯ ಕಾರ್ಪೆಟ್ಟಿನಡಿಯ ಬೋಲ್ಟಿನಲ್ಲಿ ಎರಡು ಸಾವಿರ ವ್ಯಾಟಿಗೂ ಮೇಲೆ ಶಾಖ ಏಳುತ್ತಿರುತ್ತದೆ. ಕೆಂಪಿಗೆ ಕಾವಲುಗಾರನನ್ನು ಇಟ್ಟವರು ಅವನಿಗೆ ಸುದ್ದಿ ಮುಟ್ಟಿಸುವ ದಾರಿಯನ್ನು ಕಪ್ಪಿನ ಕೈಗೆ ಕೊಟ್ಟಿದ್ದಾರೆ. ಸ್ಪ್ಯಾನರ್ ಹಿಡಿದಾಗ ಮೊದಲು ಮೈನಸ್ ಬಿಚ್ಚಬೇಕು, ಕೊನೆಗೆ ಮೈನಸ್ ಕಟ್ಟಬೇಕೆಂಬ ಗ್ಯಾರೇಜಿನ ಹಳೆಯ ಕ್ರಮವೂ ಇದನ್ನೇ ಹೇಳುತ್ತದೆ. ಮೈನಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಏನೂ ಆಗದು, ಅದು ಬಿಚ್ಚಿದ ಮೇಲೆ ಪ್ಲಸ್ಸಿನಲ್ಲಿ ತಾಗಿದರೂ ಕಿಡಿಗೆ ದಾರಿಯಿಲ್ಲ.

ಗಾಳಿಯ ವಿಷಯ, ಕಾನೂನಿನ ವಿಷಯ ಎರಡೇ ಮಾತಿನಲ್ಲಿ ಮುಗಿಯುತ್ತವೆ. ಚಾರ್ಜಾಗುವ ಸೀಸದ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲಾದರೆ ಕಿಡಿಗೆ ಸಿದ್ಧ. ಮುಚ್ಚಿದ ಡಿಕ್ಕಿಯಲ್ಲಿ ಹೊರಕ್ಕೆ ನಳಿಗೆಯಿರುವ ಪೆಟ್ಟಿಗೆಯೇ ಬೇಕು, 'ಮೆಂಟೆನೆನ್ಸ್ ಫ್ರೀ' ಎಂಬ ಚೀಟಿ ಅಂಟಿಸಿದ್ದರೂ. ಸಿಎನ್‌ಜಿ ಸಿಲಿಂಡರ್ ಇರುವ ಡಿಕ್ಕಿಗೆ ಬ್ಯಾಟರಿಯನ್ನು ಅತಿಥಿಯಾಗಿ ಕರೆಯದಿರುವುದು ಲೇಸು. ಇನ್ನು ಕಾನೂನು: ಗಾಡಿಯ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಮಾರ್ಪಡಿಸಕೂಡದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿಯಾಗಿಯೇ ಓದಿತು. ಬ್ಯಾಟರಿ ಎಲ್ಲಿದೆ ಎಂಬ ಕಾಲಮು ಆರ್‌ಸಿಯಲ್ಲಿಲ್ಲ. ಆದರೆ ಬ್ಯಾಟರಿಗೆ ಜಾಗ ಬಿಡಿಸಿದ ಆ ದೊಡ್ಡ ಎಂಜಿನ್ನಿಗೆ ಖಂಡಿತ ಇದೆ.

ಹಾಗಾದರೆ ಕಪ್ಪಿಗೂ ಐದು ಮೀಟರ್ ಎಳೆಯಬೇಕೇ ಎಂಬ ಕೊನೆಯ ಆಕ್ಷೇಪಣೆ ಜೇಬಿನದು. ಜೀಪಿನಂತೆ ಬಾಡಿ ಬೇರೆ ಚಾಸಿ ಬೇರೆ ಇರುವ ಗಾಡಿಗಾದರೆ ಎಳೆಯಬೇಕು, ಕೆಂಪಿನಷ್ಟೇ ದಪ್ಪದ್ದನ್ನು ನೇರ ಎಂಜಿನ್ ಬ್ಲಾಕಿಗೆ. ಇಡೀ ಮೈ ಒಂದೇ ತಗಡಾದ ಈಗಿನ ಕಾರುಗಳಲ್ಲಿ ಅಷ್ಟು ಬೇಡ, ಬಾಡಿಯೇ ಸಾಕು. ಹಿಂದೆ ಒಂದು ಗಟ್ಟಿ ಬೋಲ್ಟು, ಮುಂದೆ ಬಾಡಿಯಿಂದ ಎಂಜಿನ್ನಿಗೆ ಕೆಂಪಿನಷ್ಟೇ ದಪ್ಪದ ಇನ್ನೊಂದು ತುಂಡು. ಎರಡೂ ಕಡೆ ಬಣ್ಣವನ್ನು ಲೋಹ ಹೊಳೆಯುವವರೆಗೆ ಕೆರೆದು, ಥಿಂಬಲನ್ನು ಸುತ್ತಿಗೆಯಿಂದ ಚಚ್ಚದೆ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ, ಬಿಗಿದ ಮೇಲೆ ಗ್ರೀಸು ಬಳಿದು ಮುಚ್ಚಬೇಕು. ಖರ್ಚು ನೋಡಿದರೆ ಒಂದು ಚೂರು ಮರಳುಕಾಗದ, ಕಾಲು ಗಂಟೆ. ಮಿಸ್ತ್ರಿಗಳು ಇದನ್ನು ಬಿಡುವುದು ಅಜ್ಞಾನದಿಂದಲ್ಲ, ಬಿಲ್ಲಿನಿಂದ. ಕೆಂಪು ಕೇಬಲ್ಲಿಗೆ ಮೀಟರಿನ ಲೆಕ್ಕವಿದೆ, ಫ್ಯೂಸಿಗೆ ಎಂಆರ್‌ಪಿ ಇದೆ. ಬಣ್ಣ ಕೆರೆದದ್ದಕ್ಕೆ ಯಾವ ಸಾಲಿನಲ್ಲಿ ಏನೆಂದು ಬರೆಯುವುದು? ಗಿರಾಕಿಯೇ ಕೇಳಿ, ಕೆರೆಸಿ, ಅದಕ್ಕೆಂದು ನೂರಿನ್ನೂರು ಹೆಚ್ಚಿಗೆ ಕೊಟ್ಟರೆ ಒಳ್ಳೆಯದು. ಖಾಡಿಯ ಉಪ್ಪುಗಾಳಿಗೂ ಪಾಂಡವಕಡಾ ಜಲಪಾತ ತುಂಬಿಸುವ ಮಳೆಗೂ ಗ್ರೀಸಿನ ಲೇಪ ಒಂದು ಮಳೆಗಾಲ ತಡೆದೀತು. ನವರಾತ್ರಿಯಲ್ಲಿ ಆಯುಧಪೂಜೆಗೆಂದು ಗಾಡಿ ತೊಳೆಯುವಾಗ ಬಾನೆಟ್ಟಿಗೆ ಕುಂಕುಮ ಹಚ್ಚುವ ಮೊದಲು ಡಿಕ್ಕಿಯ ಕಾರ್ಪೆಟ್ಟನ್ನೂ ಎತ್ತಿ ಆ ಬೋಲ್ಟನ್ನು ಒಂದು ಸುತ್ತು ಬಿಗಿಯಬಹುದು.